ಎಂಬತ್ತೇಳು

ಕೈಯಲ್ಲಿ ಇಲಾಖೆಯ ನಮೂನೆ. ಹದಿನಾಲ್ಕು ಕಲಮು:
ಶಿಸ್ತು ಹೇಗಿದೆ, ಸದ್ದೆಷ್ಟು, ಪಾಠ ಮುಗಿಯಿತೇ,
ಸರಿಯುತ್ತರವನ್ನು ಶಿಕ್ಷಕಿ ಗಂಟೆಯೊಳಗೆ ಹೇಳಿದರೇ.
ಒರೂರೋದಿಂದ ನಾಲ್ಕು ತಾಸು ಬಸ್ಸು, ಆಮೇಲೆ ಬರೀ ಗಾಳಿ,
ಗಾಳಿಯ ಕೊನೆಗೆ ತಗಡು ಹೊದ್ದ ಶಾಲೆ: ಕಲಾಪಂಪ.
ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರ್ ಮೇಲೆ.
ಆ ಸಮುದ್ರವನ್ನು ಅಲ್ಲಿ ಯಾರೂ ಕಂಡಿಲ್ಲ.

ಒಳಗೆ ಗಲಾಟೆ. ಮೊದಲ ಕಲಮಿಗೇ ಸೊನ್ನೆ ಹಾಕಿದೆ.

ಬೆಂಚುಗಳೆಲ್ಲ ಗೋಡೆಗೆ. ನಡುವೆ ಒಲೆ,
ಒಲೆಯಲ್ಲಿ ಲಾಮಾ ಹಿಕ್ಕೆಯ ಬೆಂಕಿ,
ಮೇಲೊಂದು ಸೊಟ್ಟ ಪಾತ್ರೆ, ಪಾತ್ರೆಯ ಸುತ್ತ
ಹತ್ತೊಂಬತ್ತು ಉಣ್ಣೆಟೊಪ್ಪಿಗೆ.
ಸೆವೆರೋ ಎಂಬ ಹುಡುಗ ಥರ್ಮಾಮೀಟರಿಗೆ ದಾರ ಕಟ್ಟಿ
ಗಾಳ ಹಾಕಿದವನಂತೆ ಇಳಿಬಿಟ್ಟು ನಿಂತಿದ್ದ.
ನೀರು ಕೊತಕೊತ ಕುದಿಯುತ್ತಿತ್ತು, ಅನುಮಾನವೇ ಬೇಡ.
"ಎಂಬತ್ತೇಳು."
"ಪುಸ್ತಕ ಏನನ್ನುತ್ತೆ?" ಕೇಳಿದಳು ಪ್ರಿಮಿತೀವಾ ಕೋಲ್ಕೆ.
"ನೂರು."
"ಹಾಗಾದರೆ ಸುಳ್ಳು ಹೇಳುತ್ತಿರುವುದು ಯಾರು?"
ಅಷ್ಟು ಕೇಳಿ ಆಕೆ, ನನ್ನಾಣೆ, ಕುರ್ಚಿಯಲ್ಲಿ ಕೂತು
ಹೆಣಿಗೆ ಎತ್ತಿಕೊಂಡಳು.

ನನಗೆ ಉತ್ತರ ಗೊತ್ತಿತ್ತು.
ಎತ್ತರ, ಗಾಳಿಯ ಒತ್ತಡ: ಎರಡೇ ವಾಕ್ಯ.
ನಾಲಿಗೆಯ ತುದಿಯಲ್ಲಿ ಬಿಸಿ ತುತ್ತಿನಂತೆ ಹೊರಳುತ್ತಿತ್ತು.
ಆಕೆ ನನ್ನ ಕಡೆ ನೋಡಿದ ರೀತಿಗೆ ನುಂಗಿಕೊಂಡೆ.

ಥರ್ಮಾಮೀಟರ್ ಕೆಟ್ಟಿದೆ ಎಂದಿತು ಒಂದು ಟೊಪ್ಪಿಗೆ.
ಓಡಿ ಬಕೆಟ್ಟಿನ ಮೇಲಿನ ಮಂಜುಗಡ್ಡೆ ಒಡೆದು ತಂದರು,
ಅದು ಕರಗುವಾಗ ಅದ್ದಿದರು. ಸೊನ್ನೆ. ಕೆಟ್ಟಿಲ್ಲ.
ಬೆಂಕಿ ಸಾಲದು ಎಂದಿತು ಇನ್ನೊಂದು.
ಹಿಕ್ಕೆ ಸುರಿದರು, ಊದಿದರು, ಕೆಮ್ಮಿದರು;
ನೀರು ಕುಣಿಯಿತು, ಉಕ್ಕಿ ಒಲೆಗೆ ಬಿತ್ತು, ಪಾದರಸ ಮಾತ್ರ
ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಟದಲ್ಲಿ
ಎಂಬತ್ತೇಳು.
ನಮ್ಮ ಬಾವಿಯ ನೀರೇ ಸರಿಯಿಲ್ಲವೇನೋ?
ಹಿಮ ಕರಗಿಸಿ ಕಾಯಿಸಿದರು. ಅದೂ ಎಂಬತ್ತೇಳು.
ಪುಸ್ತಕದ ಬೇಳೆ ಅಲ್ಲಿ ಬೇಯಲಿಲ್ಲ.

"ಬೇಯೋದೇ ಇಲ್ಲ," ಅಂದಳು ನಾಯ್ರಾ,
ಅಷ್ಟು ಹೊತ್ತೂ ಬಾಯಿ ಬಿಡದೆ ಮೂಲೆಯಲ್ಲಿದ್ದವಳು.
"ಅಜ್ಜಿಯ ಆಲೂಗಡ್ಡೆ ಬೇಗ ಬೇಯೋದೇ ಇಲ್ಲ,
ಮುಚ್ಚಳದ ಮೇಲೆ ಕಲ್ಲು ಹೇರ್ತಾಳೆ.
ಅಪ್ಪ ಲಾರಿ ಹೊಡ್ಕೊಂಡು ಕರನಾವಿಗೆ ಇಳೀತಾನಲ್ಲ,
ಬಾಳೆಹಣ್ಣಿನ ಊರಿಗೆ, ಅಲ್ಲಿ
ಮೂರು ಸಿಗರೇಟು ಮುಗಿಯೋದ್ರೊಳಗೆ ಬೇಯುತ್ತಂತೆ."

ಹೆಣಿಗೆಯ ಕಡ್ಡಿ ನಿಂತಿತು.

ಅದೇ ರಾತ್ರಿ ಥರ್ಮಾಮೀಟರ್ ಕಾಲುಚೀಲದೊಳಗೆ ಮಲಗಿ
ಲಾರಿ ಹತ್ತಿತು.
ನನ್ನ ಬಸ್ಸು ಗುರುವಾರಕ್ಕೆ. ಬಸ್ಸಿಲ್ಲವೆಂದೇ ಉಳಿದೆ
ಎಂದು ವರದಿಯಲ್ಲಿ ಬರೆದಿದ್ದೇನೆ.

ಗುರುವಾರ ಬೆಳಿಗ್ಗೆ ಆತ ಇಳಿದ, ಕಣ್ಣು ಕೆಂಪಗೆ.
ಕೋಕಾ ಎಲೆಯ ಪೊಟ್ಟಣದ ಬೆನ್ನಿಗೆ ಬರೆದು ತಂದಿದ್ದ:
ಕರನಾವಿ, ತೊಂಬತ್ತೆಂಟು.
"ನಿಮ್ಮ ಟೀಚರಿಗೆ ತಲೆ ಕೆಟ್ಟಿದೆ," ಅಂದ.
ಆಮೇಲೆ ಕೆಳಗಿನ ಇನ್ನೊಂದು ಅಂಕಿಗೆ ಬೆರಳಿಟ್ಟು, ತುಸು ನಾಚಿ,
"ಘಟ್ಟದ ನೆತ್ತಿಯಲ್ಲಿ ನಿಲ್ಲಿಸಿ ಅಲ್ಲೂ ಕಾಯಿಸಿದೆ.
ಎಂಬತ್ತೈದು.
ಯಾರೂ ಹೇಳಿರಲಿಲ್ಲ. ಸುಮ್ಮನೆ."

ಕಪ್ಪುಹಲಗೆಗೆ ಮೂರೂ ಅಂಕಿ ಏರಿದವು.
ಸೆವೆರೋ ಅವುಗಳನ್ನೇ ದಿಟ್ಟಿಸುತ್ತ ಮೆಲ್ಲಗೆ
ಒಂದು ಕೈ ಮೇಲೆತ್ತಿದ, ಇನ್ನೊಂದು ಕೆಳಗಿಳಿಸಿದ,
ಕೈಗಳ ನಡುವೆ ಏನೋ ತೂಗುತ್ತಿರುವವನಂತೆ.
ಯಾರೂ ಅವನನ್ನು ಅವಸರಪಡಿಸಲಿಲ್ಲ.

ನಾಯ್ರಾ ನನ್ನತ್ತ ತಿರುಗಿದಳು.
"ಸರ್, ನಿಮ್ಮೂರಲ್ಲಿ ಎಷ್ಟಕ್ಕೆ ಕುದಿಯುತ್ತೆ?"
ಒರೂರೋದಲ್ಲಿ ಹುಟ್ಟಿ ಐವತ್ಮೂರು ವರ್ಷ.
ದಿನಕ್ಕೆ ನಾಲ್ಕು ಸಲ ಚಹಾ.
ಪರೀಕ್ಷೆಯಲ್ಲಿ ನೂರು ಎಂದು ಬರೆದು ಪೂರ್ತಿ ಅಂಕ ಪಡೆದಿದ್ದೆ.
"ಗೊತ್ತಿಲ್ಲ," ಅಂದೆ.

ನಗುತ್ತಾಳೆಂದುಕೊಂಡೆ. ನಗಲಿಲ್ಲ.
ಸೀಮೆಸುಣ್ಣ ತೆಗೆದುಕೊಂಡು, ಪಟ್ಟಿಯ ಕೊನೆಗೆ
ಒರೂರೋ ಎಂದು ಬರೆದು
ಮುಂದೆ ಜಾಗ ಬಿಟ್ಟಳು.